ಆ ಲಿಂಕ್ ಅಲ್ಲಿ ಏಕಿದೆ? ವಿಕಿಪೀಡಿಯದ ಹೊರಕೊಂಡಿಗಳನ್ನು ಪರೀಕ್ಷಿಸುವ ಎರಡು ಅವಧಿಗಳ ಪಾಠ

ಹಿನ್ನೆಲೆ

ಬೋಧನಾಭ್ಯಾಸಕ್ಕೆಂದು ಹೋದ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ವಿಜ್ಞಾನ ಯೋಜನಾ ವರದಿಗಳನ್ನು ನೋಡುವ ಕೆಲಸ ನನಗೆ ಬಂತು. ಬಹುಪಾಲು ವರದಿಗಳ ಕೊನೆಯಲ್ಲಿ ‘ಆಧಾರ: ಗೂಗಲ್, ವಿಕಿಪೀಡಿಯ’ ಎಂದಷ್ಟೇ ಇತ್ತು. ಇದಕ್ಕೆ ಶಿಕ್ಷಕರಾದ ನಾವು ಸಾಮಾನ್ಯವಾಗಿ ಹೇಳುವ ಮಾತು, “ವಿಕಿಪೀಡಿಯ ನಂಬಬೇಡಿ, ಅದನ್ನು ಯಾರು ಬೇಕಾದರೂ ತಿದ್ದಬಹುದು” ಎಂದು. ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದ ಮೇಲೂ ಮಕ್ಕಳು ತೆರೆಯುವುದು ವಿಕಿಪೀಡಿಯವನ್ನೇ. ಒಂದು ವಿಷಯದ ಬಗ್ಗೆ ಕನ್ನಡದಲ್ಲಿ, ಉಚಿತವಾಗಿ, ಒಂದೇ ಕಡೆ ಓದಲು ಸಿಗುವ ಜಾಗಗಳು ಅಷ್ಟು ಕಡಿಮೆ. ನಂಬಬೇಡಿ ಎನ್ನುವ ಬದಲು ಹೇಗೆ ಪರೀಕ್ಷಿಸಬೇಕೆಂದು ಕಲಿಸಬಹುದೇ ಎಂಬ ಪ್ರಶ್ನೆಯಿಂದ ಈ ಪಾಠ ಹುಟ್ಟಿತು.

ಪರೀಕ್ಷಿಸಲು ಹಿಡಿಯಬೇಕಾದ ಎಳೆ ಹೊರಕೊಂಡಿ, ಅಂದರೆ ಆ ಪುಟದಿಂದ ಬೇರೊಂದು ಜಾಲತಾಣಕ್ಕೆ ಕರೆದೊಯ್ಯುವ ಲಿಂಕ್. ವಾಕ್ಯದ ಪಕ್ಕದಲ್ಲಿ ಲಿಂಕ್ ಇದ್ದರೆ “ನಾನು ಹೇಳಿದ್ದಕ್ಕೆ ಸಾಕ್ಷಿ ಅಲ್ಲಿದೆ, ಹೋಗಿ ನೋಡಿ” ಎಂದು ಅದು ಓದುಗರಿಗೆ ಹೇಳುತ್ತಿದೆ ಎಂದರ್ಥ. ಸ್ಪ್ಯಾಮ್ ಹಾಕುವವರು ಬಳಸಿಕೊಳ್ಳುವುದು ಈ ನಂಬಿಕೆಯನ್ನೇ. ಸಾಕ್ಷಿ ನಿಲ್ಲಬೇಕಾದ ಜಾಗದಲ್ಲಿ ದಲ್ಲಾಳಿ ಬಂದು ನಿಲ್ಲುತ್ತಾನೆ. ಇಬ್ಬರನ್ನೂ ಬೇರ್ಪಡಿಸಲು ಯಂತ್ರ ಸ್ವಲ್ಪ ದೂರ ಸಹಾಯ ಮಾಡುತ್ತದೆ. ಉಳಿದದ್ದು ಓದುವ ಕೌಶಲ. ಆ ಕೌಶಲವನ್ನು ತರಗತಿಯಲ್ಲಿ ಅಭ್ಯಾಸ ಮಾಡಿಸಬಹುದು ಎಂಬುದು ಈ ಲೇಖನದ ಮುಖ್ಯ ಮಾತು.

ಶಿಕ್ಷಕರಿಗೆ ಇರಬೇಕಾದ ವಿಷಯ ತಿಳಿವಳಿಕೆ

ಓದುವವರೇ ತಿದ್ದಬಹುದಾದ ತಾಣಕ್ಕೆ ‘ವಿಕಿ’ ಎಂಬ ಹೆಸರು ಬಂದದ್ದು 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಆರಂಭಿಸಿದ ತಾಣದಿಂದ. ವಿಕಿಪೀಡಿಯ 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಶುರುವಾಯಿತು. ಕನ್ನಡದ ಆವೃತ್ತಿ 2003ರಲ್ಲಿ ಆರಂಭವಾಯಿತು. ಇಂದು ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಅವುಗಳನ್ನು ನೋಡಿಕೊಳ್ಳುವ ನಿರ್ವಾಹಕರು ಮಾತ್ರ ಬೆರಳೆಣಿಕೆಯಷ್ಟು. ಹೀಗಾಗಿ ಕನ್ನಡದ ಪುಟದಲ್ಲಿ ಬಂದು ಕೂತ ಜಾಹೀರಾತು ಯಾರಾದರೂ ಓದುಗರು ಗಮನಿಸುವವರೆಗೂ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಸ್ಪ್ಯಾಮ್ ಹಾಕುವವರಿಗೆ ಇಲ್ಲಿ ಎರಡು ಲಾಭ. ಮೊದಲನೆಯದು ನೇರವಾದದ್ದು: ಆ ಪುಟ ಓದುವವರು ಲಿಂಕ್ ಒತ್ತಿ ಅಂಗಡಿಗೆ ಬರುತ್ತಾರೆ. ಎರಡನೆಯದು ಹುಡುಕಾಟಕ್ಕೆ ಸಂಬಂಧಿಸಿದ್ದು. ಗೂಗಲ್ ಸ್ಥಾಪಕರು 1998ರಲ್ಲಿ ವಿವರಿಸಿದ ‘ಪೇಜ್‌ರ‍್ಯಾಂಕ್’ ವಿಧಾನದಲ್ಲಿ ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕ್ ಒಂದು ಬಗೆಯ ಮತ. ಹೆಸರಾದ ತಾಣದ ಮತಕ್ಕೆ ಬೆಲೆ ಹೆಚ್ಚು. ವಿಕಿಪೀಡಿಯದಿಂದ ಲಿಂಕ್ ಸಿಕ್ಕರೆ ತಮ್ಮ ಅಂಗಡಿಯ ಪುಟ ಹುಡುಕಾಟದಲ್ಲಿ ಮೇಲೆ ಬರುತ್ತದೆ ಎಂಬುದು ಲೆಕ್ಕಾಚಾರ. ಈ ಲೆಕ್ಕ ಕೆಡಿಸಲು 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಹುಡುಕಾಟ ಸಂಸ್ಥೆಗಳು ‘ನೋಫಾಲೋ’ ಎಂಬ ಗುರುತನ್ನು ಒಪ್ಪಿಕೊಂಡವು. ಲಿಂಕಿಗೆ ಆ ಗುರುತಿದ್ದರೆ ಅದನ್ನು ಮತವಾಗಿ ಎಣಿಸಬೇಡಿ ಎಂದು ಹುಡುಕಾಟ ಯಂತ್ರಕ್ಕೆ ಸೂಚನೆ. 2007ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆ ಈ ಗುರುತು ಹಾಕಿತು. ಇಂದು ಕನ್ನಡದಲ್ಲೂ ಅದು ಇದೆ.

ಆದರೂ ಸ್ಪ್ಯಾಮ್ ನಿಲ್ಲಲಿಲ್ಲ. ಗುರುತು ತಡೆಯುವುದು ಯಂತ್ರದ ಎಣಿಕೆಯನ್ನು, ಮನುಷ್ಯರ ಬೆರಳನ್ನಲ್ಲ. ಮೇಲಾಗಿ ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಮರುಬಳಸಲು ಪರವಾನಗಿ ಇರುವುದರಿಂದ ಅನೇಕ ತಾಣಗಳು ಲೇಖನಗಳನ್ನು ಹಾಗೆಯೇ ನಕಲು ಮಾಡಿಕೊಳ್ಳುತ್ತವೆ. ನಕಲಿನ ಜೊತೆ ಲಿಂಕೂ ಹೋಗುತ್ತದೆ, ಕೆಲವೊಮ್ಮೆ ಗುರುತಿಲ್ಲದೆ.

ವಿಕಿಪೀಡಿಯದ ಕಾವಲು ಹಲವು ಹಂತಗಳಲ್ಲಿದೆ. ಹೊಸಬರು ಹೊರಕೊಂಡಿ ಸೇರಿಸಲು ಹೊರಟರೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಟೈಪ್ ಮಾಡಬೇಕು. ತಾನಾಗಿ ಲಿಂಕ್ ಸುರಿಯುವ ತಂತ್ರಾಂಶಗಳಿಗೆ ಇದು ಅಡ್ಡಿ. ಪದೇ ಪದೇ ಕಾಟ ಕೊಟ್ಟ ವಿಳಾಸಗಳ ಕಪ್ಪುಪಟ್ಟಿಯೊಂದಿದೆ. ಎಲ್ಲ ಭಾಷೆಗಳ ವಿಕಿಗಳಿಗೂ ಅನ್ವಯಿಸುವ ಸಾಮಾನ್ಯ ಪಟ್ಟಿ ಮೆಟಾವಿಕಿಯಲ್ಲಿದ್ದರೆ, ಪ್ರತಿ ವಿಕಿಯೂ ತನ್ನದೇ ಪಟ್ಟಿ ಇಟ್ಟುಕೊಳ್ಳಬಹುದು. ಪಟ್ಟಿಯಲ್ಲಿರುವ ವಿಳಾಸ ಸೇರಿಸಿದರೆ ಪುಟ ಉಳಿಯುವುದೇ ಇಲ್ಲ. ಅನುಮಾನದ ತಿದ್ದುಪಡಿಗಳನ್ನು ಹಿಡಿಯುವ ಸೋಸುಕಗಳಿವೆ. ಒಂದು ತಾಣದ ಲಿಂಕ್ ಎಷ್ಟು ಪುಟಗಳಲ್ಲಿದೆ ಎಂದು ಹುಡುಕಿ ತೋರಿಸುವ ವಿಶೇಷ ಪುಟವಿದೆ. ಇವೆಲ್ಲ ದಾಟಿ ಬಂದದ್ದನ್ನು ‘ಇತ್ತೀಚೆಗಿನ ಬದಲಾವಣೆಗಳು’ ನೋಡುತ್ತಾ ಕೂರುವ ಸ್ವಯಂಸೇವಕರು ತೆಗೆಯುತ್ತಾರೆ. ಪ್ರತಿ ಹಂತಕ್ಕೂ ಮಿತಿ ಇದೆ. ಕಪ್ಪುಪಟ್ಟಿ ಒಂದು ವಿಳಾಸವನ್ನು ತಡೆದರೆ ಅದೇ ಅಂಗಡಿ ಮರುದಿನ ಬೇರೆ ವಿಳಾಸದಲ್ಲಿ ಬಾಗಿಲು ತೆರೆಯಬಹುದು. ಕೊನೆಯ ಹಂತದಲ್ಲಿ ಉಳಿಯುವುದು ಓದುವ ಕಣ್ಣು.

ವಿಷಯದ ಆಯ್ಕೆ

‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದಲ್ಲಿ ಹಾರ್ಮೋನುಗಳು, ಮೇದೋಜೀರಕ ಗ್ರಂಥಿ, ಇನ್ಸುಲಿನ್ ಬರುತ್ತವೆ. ಆದ್ದರಿಂದ ‘ಮಧುಮೇಹ’ ಪುಟವನ್ನು ಆರಿಸಿಕೊಂಡೆ. ಇನ್ನೊಂದು ಕಾರಣವೂ ಇತ್ತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹವಿದೆ. ಅದನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ನೇರವಾಗಿ ಹೇಳಲು ಅಡ್ಡಿಯಿರುವ ಮಾತು ‘ಉಲ್ಲೇಖ’ದ ವೇಷದಲ್ಲಿ ಬಂದರೆ ಹೇಗಿರುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಪಾಠಯೋಜನೆಯ ಸಾರ

ತರಗತಿ: 10. ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು. ಮಕ್ಕಳು: 42, ಆರು ಜನರ ಏಳು ಗುಂಪುಗಳು.

ಕಲಿಕೆಯ ಫಲಗಳು: ವಿದ್ಯಾರ್ಥಿಯು (1) ಒಂದು ಲಿಂಕ್ ಯಾವ ವಾಕ್ಯಕ್ಕೆ ಆಧಾರವೆಂದು ಗುರುತಿಸುತ್ತಾನೆ/ಳೆ; (2) ತೆರೆದ ಪುಟ ಆ ವಾಕ್ಯವನ್ನು ಸಮರ್ಥಿಸುತ್ತದೆಯೇ ಎಂದು ಪರೀಕ್ಷಿಸುತ್ತಾನೆ/ಳೆ; (3) ಲಿಂಕನ್ನು ಉಳಿಸಲು, ತೆಗೆಯಲು ಅಥವಾ ಬದಲಿಸಲು ಕಾರಣ ಕೊಡುತ್ತಾನೆ/ಳೆ; (4) ತಿಳಿಯದೆ ಲಿಂಕ್ ಹಾಕಿದ ಹೊಸಬರಿಗೆ ಸೌಜನ್ಯದ ಸಂದೇಶ ಬರೆಯುತ್ತಾನೆ/ಳೆ.

ಕಲಿಕೋಪಕರಣ: ಕಾಗದದ ವಿಕಿ. ವಿಶ್ವಕೋಶದ ಶೈಲಿಯಲ್ಲಿ ನಾನೇ ಎಂಟು ವಾಕ್ಯಗಳ ‘ಮಧುಮೇಹ’ ಪುಟ ಬರೆದು ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ ಕೊಟ್ಟೆ. ಪ್ರತಿ ಸಂಖ್ಯೆಗೂ ಒಂದು ಕಾರ್ಡು. ಕಾರ್ಡಿನ ಮುಂಬದಿಯಲ್ಲಿ ತಾಣದ ವಿಳಾಸ, ಹಿಂಬದಿಯಲ್ಲಿ ಆ ಲಿಂಕ್ ಒತ್ತಿದರೆ ಕಾಣುವ ಪುಟದ ಸಾರಾಂಶ. ಕಾಗದ ಆರಿಸಲು ಎರಡು ಕಾರಣ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ 42 ಮಕ್ಕಳಿಗೆ ಸಾಕಾಗುವಷ್ಟು ಯಂತ್ರಗಳಿಲ್ಲ. ಎರಡನೆಯದು ಇನ್ನೂ ಮುಖ್ಯ: ಅಭ್ಯಾಸಕ್ಕಾಗಿ ನಿಜವಾದ ಲೇಖನದಲ್ಲಿ ಸುಳ್ಳು ಲಿಂಕ್ ಹಾಕಿ ತೆಗೆಸುವುದು ಸಲ್ಲದು. ಆ ಹತ್ತು ನಿಮಿಷದಲ್ಲಿ ಅದನ್ನು ಓದುವ ರೋಗಿ ನಮ್ಮ ತರಗತಿಯ ವಿದ್ಯಾರ್ಥಿಯಲ್ಲ.

ಎಂಟು ಕಾರ್ಡುಗಳು ಹೀಗಿದ್ದವು:

1. ಮಧುಮೇಹದ ಬಗೆಗಳನ್ನು ವಿವರಿಸುವ ವಾಕ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪುಟ.
2. ಆಹಾರ ಕ್ರಮದ ವಾಕ್ಯಕ್ಕೆ ‘ಮೂರು ವಾರದಲ್ಲಿ ಸಕ್ಕರೆ ಕಾಯಿಲೆ ಮಾಯ’ ಎನ್ನುವ ಪುಡಿಯ ಅಂಗಡಿ. (ಕಲ್ಪಿತ)
3. ಇನ್ಸುಲಿನ್ ಸಂಶೋಧನೆಯ ವಾಕ್ಯಕ್ಕೆ ನೊಬೆಲ್ ಪ್ರಶಸ್ತಿಯ ತಾಣ.
4. ಉಪವಾಸದ ರಕ್ತಪರೀಕ್ಷೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಗ್ಲೂಕೋಸ್ ಇದ್ದರೆ ಮಧುಮೇಹದ ಸೂಚನೆ ಎಂಬ ವಾಕ್ಯಕ್ಕೆ ಒಂದು ಖಾಸಗಿ ಆಸ್ಪತ್ರೆಯ ಪುಟ. ಮಾಹಿತಿ ಸರಿ, ಕೊನೆಯಲ್ಲಿ ‘ಇಂದೇ ತಪಾಸಣೆಗೆ ಹೆಸರು ನೋಂದಾಯಿಸಿ’. (ಕಲ್ಪಿತ)
5. ಮೇದೋಜೀರಕ ಗ್ರಂಥಿಯ ವಾಕ್ಯಕ್ಕೆ ಒಬ್ಬ ಶಿಕ್ಷಕರ ಸ್ವಂತ ತಾಣ. ವಿವರಣೆ ಚೆನ್ನಾಗಿದೆ, ಆಧಾರಗಳಿಲ್ಲ. (ಕಲ್ಪಿತ)
6. ಲಕ್ಷಣಗಳ ವಾಕ್ಯಕ್ಕೆ ಹಿಂದೆ ಆರೋಗ್ಯ ಪತ್ರಿಕೆಯದಾಗಿದ್ದ ವಿಳಾಸ. ಈಗ ತೆರೆದರೆ ರಮ್ಮಿ ಆಟ. (ಕಲ್ಪಿತ)
7. ‘ಗ್ಲುಕೋಮೀಟರಿನಿಂದ ರಕ್ತದ ಗ್ಲೂಕೋಸ್ ಅಳೆಯಬಹುದು’ ಎಂಬ ವಾಕ್ಯಕ್ಕೆ ಆ ಸಾಧನ ಮಾರುವ ಅಂಗಡಿ. (ಕಲ್ಪಿತ)
8. ‘ಸಿಹಿ ತಿನ್ನುವುದರಿಂದಲೇ ಒಂದನೇ ಬಗೆಯ ಮಧುಮೇಹ ಬರುತ್ತದೆ’ ಎಂಬ ತಪ್ಪು ವಾಕ್ಯಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ.

ಮೊದಲ ಅವಧಿ: ಸಾಕ್ಷಿಯೋ ದಲ್ಲಾಳಿಯೋ

ತೊಡಗಿಸುವ ಹಂತದಲ್ಲಿ ಕಾರ್ಡುಗಳ ಮುಂಬದಿ ಮಾತ್ರ ತೋರಿಸಿ, ಯಾವುದನ್ನು ಉಳಿಸುತ್ತೀರಿ ಎಂದು ಕೇಳಿದೆ. ಮಕ್ಕಳು ಹೆಸರು ನೋಡಿ ವಿಂಗಡಿಸಿದರು. ವಿಶ್ವ ಆರೋಗ್ಯ ಸಂಸ್ಥೆ, ನೊಬೆಲ್, ಸಂಶೋಧನಾ ಮಂಡಳಿ, ಆರೋಗ್ಯ ಪತ್ರಿಕೆ ಒಳಗೆ, ಅಂಗಡಿಗಳು ಹೊರಗೆ. ಏಳು ಗುಂಪುಗಳಲ್ಲೂ ಹೆಚ್ಚು ಕಡಿಮೆ ಇದೇ ಉತ್ತರ.

ಅನ್ವೇಷಿಸುವ ಹಂತದಲ್ಲಿ ಕಾರ್ಡುಗಳನ್ನು ತಿರುವಿ, ಪುಟದ ವಾಕ್ಯದ ಪಕ್ಕದಲ್ಲಿಟ್ಟು ಓದಲು ಹೇಳಿದೆ. ಮೊದಲು ಬಿದ್ದದ್ದು ಆರನೆಯ ಕಾರ್ಡು. “ಮಿಸ್, ಆರೋಗ್ಯ ಅಂತ ಹೆಸರಿದೆ, ಒಳಗೆ ಇಸ್ಪೀಟು!” ಎಂದು ಹಿಂದಿನ ಬೆಂಚಿನವರು ನಕ್ಕರು. ವಿಳಾಸಗಳನ್ನು ಬಾಡಿಗೆಯಂತೆ ಅವಧಿಗೆ ಪಡೆಯುವುದು, ನವೀಕರಿಸದಿದ್ದರೆ ಬೇರೆಯವರು ಕೊಳ್ಳಬಹುದು, ಹಳೆಯ ಲಿಂಕುಗಳಿಂದ ಬರುವ ಓದುಗರಿಗಾಗಿಯೇ ಅಂಥ ವಿಳಾಸ ಹುಡುಕಿ ಕೊಳ್ಳುವವರಿದ್ದಾರೆ ಎಂದು ವಿವರಿಸಿದೆ. ಇಲ್ಲಿ ಲಿಂಕ್ ಹಾಕಿದವರ ದೋಷವಿಲ್ಲ. ಅವರು ಹಾಕಿದಾಗ ಅಲ್ಲಿ ಪತ್ರಿಕೆಯೇ ಇತ್ತು. ಹಾಗಾದರೆ ಆ ವಾಕ್ಯಕ್ಕೆ ಆಧಾರವೇ ಹೋಯಿತೇ ಎಂಬ ಪ್ರಶ್ನೆ ಬಂತು. ಇಂಟರ್ನೆಟ್ ಆರ್ಕೈವ್ ಸಂಸ್ಥೆ 2001ರಲ್ಲಿ ಸಾರ್ವಜನಿಕರಿಗೆ ತೆರೆದ ‘ವೇಬ್ಯಾಕ್ ಮಷೀನ್’ ಹಳೆಯ ಪುಟಗಳ ಪ್ರತಿ ಇಟ್ಟಿರುತ್ತದೆ. ಪ್ರತಿ ಸಿಕ್ಕರೆ ಲಿಂಕನ್ನು ಅದಕ್ಕೆ ತಿರುಗಿಸಬಹುದು. ಹೀಗೆ ‘ಉಳಿಸು’, ‘ತೆಗೆ’ ಎಂಬ ಎರಡರ ಜೊತೆ ‘ಬದಲಿಸು’ ಎಂಬ ಮೂರನೆಯದು ಮಕ್ಕಳ ಪ್ರಶ್ನೆಯಿಂದಲೇ ಕಪ್ಪುಹಲಗೆಗೆ ಬಂತು.

ಎಂಟನೆಯ ಕಾರ್ಡು ಹೆಚ್ಚು ಹೊತ್ತು ಹಿಡಿಯಿತು. ಐದು ಗುಂಪುಗಳು ಅದನ್ನು ಉಳಿಸಿದ್ದವು. ಕಾರಣ ಕೇಳಿದರೆ “ಸರ್ಕಾರದ್ದು ಮಿಸ್” ಎಂಬ ಉತ್ತರ. ಹಿಂಬದಿಯ ಸಾರಾಂಶವನ್ನು ಗಟ್ಟಿಯಾಗಿ ಓದಿಸಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡುವುದರಿಂದ ಒಂದನೇ ಬಗೆಯ ಮಧುಮೇಹ ಬರುತ್ತದೆ ಎಂದು ಅಲ್ಲಿದೆ. ವಾಕ್ಯದಲ್ಲಿ ಇರುವುದು ಸಿಹಿ ತಿನ್ನುವ ಮಾತು. “ಹಾಗಾದರೆ ಲಿಂಕ್ ಸರಿ, ವಾಕ್ಯ ತಪ್ಪು” ಎಂದು ಒಬ್ಬ ಹುಡುಗ ಹೇಳಿದಾಗ ತರಗತಿಗೆ ವಿಷಯ ತಿಳಿಯಿತು. ದೊಡ್ಡ ಹೆಸರಿನ ಲಿಂಕ್ ಪಕ್ಕದಲ್ಲಿದ್ದ ಮಾತ್ರಕ್ಕೆ ವಾಕ್ಯ ನಿಜವಾಗುವುದಿಲ್ಲ. ಇಲ್ಲಿ ತೆಗೆಯಬೇಕಾದದ್ದು ವಾಕ್ಯವನ್ನು. ಘಟಕದ ವಿಷಯವನ್ನೂ ಇದೇ ಹೊತ್ತಿನಲ್ಲಿ ದೃಢಪಡಿಸಿಕೊಳ್ಳಲು ಅವಕಾಶವಾಯಿತು: ಒಂದನೇ ಬಗೆಯಲ್ಲಿ ಇನ್ಸುಲಿನ್ ತಯಾರಿಕೆಯೇ ನಿಲ್ಲುತ್ತಾ ಹೋಗುವುದು, ಎರಡನೇ ಬಗೆಯಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದು.

ಮೂರನೆಯ ಕಾರ್ಡಿನ ಪುಟವನ್ನೂ ಓದಿಸಿದೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸಿದ್ದು, 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಬಂದದ್ದು ಅದರಲ್ಲಿತ್ತು. 1922ರ ಜನವರಿಯಲ್ಲಿ ಮೊದಲ ಚುಚ್ಚುಮದ್ದು ಪಡೆದ ಹುಡುಗನಿಗೆ 14 ವರ್ಷ ಎಂದು ನಾನು ಸೇರಿಸಿದೆ. ತಮ್ಮ ಸರಿಸುಮಾರು ಓರಗೆಯವನು ಎಂದು ತಿಳಿದಾಗ ಮಕ್ಕಳು ಇನ್ನಷ್ಟು ಗಮನ ಕೊಟ್ಟರು.

ಎರಡನೆಯ ಕಾರ್ಡಿಗೆ ಬಂದಾಗ ಎಲ್ಲರೂ ಒಟ್ಟಿಗೆ “ತೆಗೀಬೇಕು” ಎಂದರು. ಏಕೆ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ನಮ್ಮಜ್ಜ ಮೊಬೈಲಲ್ಲಿ ಹಿಂಗೇ ಒಂದು ನೋಡಿ ಪುಡಿ ತರಿಸ್ಕೊಂಡ್ರು ಮಿಸ್. ಅದು ಬಂದ್ಮೇಲೆ ಇಂಜೆಕ್ಷನ್ ಬಿಟ್ಬಿಟ್ರು. ಆಮೇಲೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಕಾಲಿನ ಎರಡು ಬೆರಳು ತೆಗೆದ್ರು” ಎಂದಳು. ತರಗತಿ ಸುಮ್ಮನಾಯಿತು. ನಾನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಅಜ್ಜ ಈಗ ಹೇಗಿದ್ದಾರೆಂದು ಮಾತ್ರ ವಿಚಾರಿಸಿದೆ. “ಈಗ ಇಂಜೆಕ್ಷನ್ ನಾನೇ ನೆನಪು ಮಾಡ್ತೀನಿ” ಎಂದು ಕೂತಳು. ಲಿಂಕ್ ಪರೀಕ್ಷೆ ಏಕೆ ಬೇಕು ಎಂಬ ಪ್ರಶ್ನೆ ಆ ಮೇಲೆ ಯಾರೂ ಎತ್ತಲಿಲ್ಲ.

ಅವಧಿಯ ಕೊನೆಯಲ್ಲಿ ಮಕ್ಕಳ ಮಾತುಗಳನ್ನು ಕೂಡಿಸಿ ನಾಲ್ಕು ಪ್ರಶ್ನೆಗಳನ್ನು ಬರೆದೆವು:

ಒಂದು, ಈ ಲಿಂಕ್ ಯಾವ ವಾಕ್ಯಕ್ಕೆ ಅಂಟಿಕೊಂಡಿದೆ?
ಎರಡು, ತೆರೆದ ಪುಟದಲ್ಲಿ ಆ ವಾಕ್ಯದ ಸಂಗತಿ ನಿಜವಾಗಿ ಇದೆಯೇ?
ಮೂರು, ಹೇಳುತ್ತಿರುವವರಿಗೆ ಅದು ಹೇಗೆ ಗೊತ್ತು, ಹೇಳುವುದರಿಂದ ಅವರಿಗೇನು ಲಾಭ?
ನಾಲ್ಕು, ಲಿಂಕ್ ತೆಗೆದರೆ ನಷ್ಟ ಯಾರಿಗೆ?

ನಾಲ್ಕನೆಯ ಪ್ರಶ್ನೆ ಬಹಳ ಕೆಲಸಕ್ಕೆ ಬಂತು. ಏಳನೆಯ ಕಾರ್ಡಿನ ಅಂಗಡಿಯ ಲಿಂಕ್ ತೆಗೆದರೆ ಓದುಗರಿಗೆ ಏನೂ ಕಡಿಮೆಯಾಗುವುದಿಲ್ಲ. ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾರೆ. ವಾಕ್ಯ ಸರಿ, ಪುಟದಲ್ಲಿ ಸುಳ್ಳೂ ಇಲ್ಲ, ಆದರೂ ಅದು ಸ್ಪ್ಯಾಮ್ ಏಕೆ ಎಂಬುದು ಹೀಗೆ ಸ್ಪಷ್ಟವಾಯಿತು.

ಎರಡನೆಯ ಅವಧಿ: ಇತಿಹಾಸ ಓದುವುದು, ಮಾತಾಡುವುದು

ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ವಿಭಾಗವಿದೆ. ಯಾವ ಖಾತೆಯಿಂದ, ಯಾವಾಗ, ಎಷ್ಟು ಬೈಟ್ ಸೇರಿತು ಅಥವಾ ಹೋಯಿತು, ಬದಲಾಯಿಸಿದವರು ಬರೆದ ಸಾರಾಂಶ ಏನು ಎಂಬುದೆಲ್ಲ ಅಲ್ಲಿರುತ್ತದೆ. ಅದೇ ಮಾದರಿಯಲ್ಲಿ ಕಲ್ಪಿತ ಖಾತೆಗಳ ಐದು ಸಾಲಿನ ಪಟ್ಟಿ ಕೊಟ್ಟೆ. ಜೊತೆಗೆ ಒಂದು ಖಾತೆಯ ಕೊಡುಗೆಗಳ ಪಟ್ಟಿಯೂ ಇತ್ತು. ಆ ಖಾತೆ ಒಂದೇ ಮಧ್ಯಾಹ್ನ ಮಧುಮೇಹ, ಹಾಗಲಕಾಯಿ, ಬೊಜ್ಜು, ರಕ್ತದೊತ್ತಡ ಎಂಬ ನಾಲ್ಕು ಪುಟಗಳಿಗೆ ಪುಡಿಯ ಅಂಗಡಿಯ ಲಿಂಕ್ ಸೇರಿಸಿತ್ತು; ಬೇರೆ ಒಂದಕ್ಷರವನ್ನೂ ಬರೆದಿರಲಿಲ್ಲ. ಸಾರಾಂಶದಲ್ಲಿ ‘ಕಾಗುಣಿತ ತಿದ್ದುಪಡಿ’ ಎಂದಿತ್ತು. ಒಂದು ಲಿಂಕ್ ನೋಡಿ ಉದ್ದೇಶ ಹೇಳುವುದು ಕಷ್ಟ. ನಾಲ್ಕು ಪುಟಗಳ ಮಾದರಿ ನೋಡಿದರೆ ಅದು ಸಾಕ್ಷ್ಯ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡುವುದು ಏಕೆ ಎಂದು ಪ್ರಯೋಗಾಲಯದಲ್ಲಿ ಹೇಳುವ ಮಾತು ಇಲ್ಲೂ ಹೊಂದುತ್ತದೆ.

ಪಟ್ಟಿಯಲ್ಲಿ ಬೇಕೆಂದೇ ಒಂದು ತೊಡಕು ಇಟ್ಟಿದ್ದೆ. ಸ್ಪ್ಯಾಮ್ ಬಂದದ್ದು ಎರಡನೆಯ ಬದಲಾವಣೆಯಲ್ಲಿ. ನಾಲ್ಕನೆಯದರಲ್ಲಿ ಬೇರೊಬ್ಬರು ಬೀಟಾ ಕೋಶಗಳ ಬಗ್ಗೆ ಒಳ್ಳೆಯ ವಾಕ್ಯ ಸೇರಿಸಿದ್ದರು. “ಮೊದಲನೆಯ ಆವೃತ್ತಿಗೆ ವಾಪಸ್ ಹೋಗೋಣ” ಎಂದು ನಾಲ್ಕು ಗುಂಪುಗಳು ಹೇಳಿದವು. ಹಾಗೆ ಮಾಡಿದರೆ ಆ ನಂತರ ಬಂದದ್ದೆಲ್ಲ ಹೋಗುತ್ತದೆ, ಕಳೆಯ ಜೊತೆ ಪೈರನ್ನೂ ಕಿತ್ತಂತೆ. ಎರಡನೆಯ ಬದಲಾವಣೆಯನ್ನು ಮಾತ್ರ ರದ್ದು ಮಾಡುವ ಸೌಲಭ್ಯವಿದೆ. ಅದು ಆಗದಿದ್ದರೆ ಪುಟ ತೆರೆದು ಆ ಲಿಂಕನ್ನಷ್ಟೇ ಅಳಿಸಬೇಕು. ತೆಗೆದ ಮೇಲೆ ಕಾರಣವನ್ನು ಸಾರಾಂಶದಲ್ಲಿ ಬರೆಯಬೇಕು, ಮುಂದೆ ಬರುವವರಿಗೆ ಗೊತ್ತಾಗಲಿ ಎಂದು.

ಆಗ ಒಬ್ಬ ಹುಡುಗ, “ಇದನ್ನ ತೆಗೆಯೋಕೆ ಯಾರ ಪರ್ಮಿಷನ್ ಬೇಕು ಮಿಸ್?” ಎಂದು ಕೇಳಿದ. ಯಾರದ್ದೂ ಬೇಡ ಎಂದೆ. ಯಾರು ಬೇಕಾದರೂ ತಿದ್ದಬಹುದು ಎಂಬ ಮಾತನ್ನು ಅವರು ಅದುವರೆಗೆ ಎಚ್ಚರಿಕೆಯಾಗಿ ಮಾತ್ರ ಕೇಳಿದ್ದರು. ಅದು ತಮಗೂ ಅನ್ವಯಿಸುವ ಹಕ್ಕು ಮತ್ತು ಹೊಣೆ ಎಂದು ತಿಳಿದದ್ದು ಆಗ. ಖಾತೆಯನ್ನು ತಡೆಯುವುದು, ವಿಳಾಸವನ್ನು ಕಪ್ಪುಪಟ್ಟಿಗೆ ಸೇರಿಸುವುದು ಮಾತ್ರ ನಿರ್ವಾಹಕರ ಕೆಲಸ. ಅಂಥದ್ದು ಕಂಡರೆ ‘ಅರಳಿ ಕಟ್ಟೆ’ ಎಂಬ ಚರ್ಚಾ ಪುಟದಲ್ಲಿ ತಿಳಿಸಬಹುದು. ಊರಿನ ಅರಳಿ ಕಟ್ಟೆಯ ಹೆಸರೇ ಅಲ್ಲೂ ಇದೆ ಎಂಬುದು ಮಕ್ಕಳಿಗೆ ಹಿಡಿಸಿತು.

ವಿಸ್ತರಿಸುವ ಹಂತಕ್ಕೆ ನಾಲ್ಕು ಮತ್ತು ಐದನೆಯ ಕಾರ್ಡುಗಳನ್ನು ಉಳಿಸಿಕೊಂಡಿದ್ದೆ. ಆಸ್ಪತ್ರೆಯ ಪುಟದ ಬಗ್ಗೆ ಜೋರು ಚರ್ಚೆಯಾಯಿತು. ಮಾಹಿತಿ ಸರಿಯಿದೆ, ಇರಲಿ ಎಂದು ಒಂದು ಪಕ್ಷ. ಕೊನೆಗೆ ಗಿರಾಕಿ ಕರೆಯುತ್ತಿದ್ದಾರೆ, ಬೇಡ ಎಂದು ಇನ್ನೊಂದು. ಅದೇ ಸಂಖ್ಯೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಯಲ್ಲೋ ವೈದ್ಯಕೀಯ ಪಠ್ಯಪುಸ್ತಕದಲ್ಲೋ ಸಿಗುತ್ತದೆಯಲ್ಲ ಎಂದು ಒಬ್ಬಳು ಕೇಳಿದ ಮೇಲೆ ‘ಬದಲಿಸು’ ಎಂದು ತೀರ್ಮಾನವಾಯಿತು. ವಾಕ್ಯ ಉಳಿಯಿತು, ಆಧಾರ ಗಟ್ಟಿಯಾಯಿತು.

ಶಿಕ್ಷಕರ ಸ್ವಂತ ತಾಣದ ವಿಷಯ ಸೂಕ್ಷ್ಮ. ಅವರು ಏನನ್ನೂ ಮಾರುತ್ತಿಲ್ಲ. ತಾವು ಬರೆದದ್ದನ್ನು ನಾಲ್ಕು ಜನ ಓದಲಿ ಎಂದು ಲಿಂಕ್ ಹಾಕಿದ್ದಾರೆ. ಆಧಾರವಾಗಿ ಅದು ಸಾಲದು, ಆದರೆ ಪುಡಿಯ ಅಂಗಡಿಗೆ ಕೊಡುವ ಉತ್ತರವನ್ನೇ ಇವರಿಗೂ ಕೊಟ್ಟರೆ ನೆಗಡಿಗೆ ಮೂಗು ಕೊಯ್ದಂತಾಗುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯಬಲ್ಲ ಒಬ್ಬರು ಬಾಗಿಲವರೆಗೆ ಬಂದಿದ್ದಾರೆ. ಅವರನ್ನು ಒಳಗೆ ಕರೆಯಬೇಕು. ಅವರಿಗೆ ಸಂದೇಶ ಬರೆಯಲು ಗುಂಪುಗಳಿಗೆ ಹೇಳಿದೆ. ಒಂದು ಗುಂಪಿನ ಮೊದಲ ಬರಹ ಹೀಗಿತ್ತು: “ನೀವು ಜಾಹೀರಾತು ಹಾಕಿದ್ದೀರಿ. ಮತ್ತೆ ಹಾಕಿದರೆ ಬ್ಲಾಕ್ ಮಾಡಲಾಗುವುದು.” ಇದೇ ಮಾತನ್ನು ನಿಮ್ಮ ಶಾಲೆಯ ಮೇಷ್ಟ್ರಿಗೆ ಎದುರಿಗೆ ಹೇಳುತ್ತೀರಾ ಎಂದು ಕೇಳಿದಾಗ ನಕ್ಕು ತಿದ್ದಿದರು: “ನಮಸ್ಕಾರ ಸರ್. ಮೇದೋಜೀರಕ ಗ್ರಂಥಿಯ ಬಗ್ಗೆ ನೀವು ಬರೆದದ್ದು ನಮಗೆ ಚೆನ್ನಾಗಿ ಅರ್ಥವಾಯಿತು. ಸ್ವಂತ ತಾಣವನ್ನು ಇಲ್ಲಿ ಆಧಾರವಾಗಿ ಕೊಡುವುದಿಲ್ಲವಾದ್ದರಿಂದ ಲಿಂಕ್ ತೆಗೆದಿದ್ದೇವೆ. ಆ ವಿವರಣೆಯನ್ನು ನೀವೇ ಈ ಪುಟದಲ್ಲಿ ಬರೆದು, ಪುಸ್ತಕದ ಆಧಾರ ಕೊಟ್ಟರೆ ಎಲ್ಲರಿಗೂ ಉಪಯೋಗ.” ಲಿಂಕ್ ಹಾಕಲು ಬಂದವರಿಂದ ವಾಕ್ಯ ಬರೆಸುವುದು ಎಂದರೆ ಇದೇ. ಸಣ್ಣ ಸಮುದಾಯದ ವಿಕಿಗೆ ಸ್ಪ್ಯಾಮ್ ಎಷ್ಟು ನಷ್ಟವೋ, ಬೇಸರಪಟ್ಟು ಹಿಂದಿರುಗಿದ ಬರಹಗಾರರೂ ಅಷ್ಟೇ ನಷ್ಟ.

ಮೌಲ್ಯಮಾಪನ

ಎರಡನೆಯ ಅವಧಿಯ ಕೊನೆಯ ಎಂಟು ನಿಮಿಷಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ವಾಕ್ಯ, ಹೊಸ ಲಿಂಕ್ ಇರುವ ಚೀಟಿ ಕೊಟ್ಟೆ. ‘ಇರಲಿ’, ‘ತೆಗೆಯಿರಿ’, ‘ಬದಲಿಸಿ’, ‘ಹಾಕಿದವರನ್ನು ಕೇಳಿ’ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಿ ಒಂದು ಕಾರಣ ಬರೆಯಬೇಕು. ಆಯ್ಕೆಗೆ ಅಂಕವಿಲ್ಲ, ಕಾರಣಕ್ಕೆ ಮಾತ್ರ. ಮೂರು ಹಂತದ ಅಳತೆಗೋಲು ಇಟ್ಟಿದ್ದೆ: ತಾಣದ ಹೆಸರು ಅಥವಾ ನೋಟವನ್ನಷ್ಟೇ ಹೇಳಿದ ಕಾರಣ ಮೊದಲ ಹಂತ, ತಾಣದ ಉದ್ದೇಶ ಹೇಳಿದ ಕಾರಣ ಎರಡನೆಯದು, ವಾಕ್ಯವನ್ನೂ ಪುಟವನ್ನೂ ಜೋಡಿಸಿ ನೋಡಿದ ಕಾರಣ ಮೂರನೆಯದು.

ಹೆಚ್ಚಿನ ಚೀಟಿಗಳು ಎರಡು ಮತ್ತು ಮೂರನೆಯ ಹಂತದಲ್ಲಿದ್ದವು. ಮೊದಲ ಹಂತದಲ್ಲೇ ಉಳಿದ ಚೀಟಿಗಳಲ್ಲಿ ‘ಸರ್ಕಾರದ ವೆಬ್‌ಸೈಟ್, ಆದ್ದರಿಂದ ಸರಿ’ ಎಂಬ ಕಾರಣವೇ ಮತ್ತೆ ಮತ್ತೆ ಬಂತು. ಅಧಿಕಾರವಿರುವವರು ಹೇಳಿದ್ದೆಲ್ಲ ಸರಿ ಎಂಬ ಅಭ್ಯಾಸ ಎರಡು ಅವಧಿಗಳಲ್ಲಿ ಸಡಿಲವಾಗುವಂಥದ್ದಲ್ಲ. ನಮ್ಮ ತರಗತಿಗಳಲ್ಲಿ ‘ಪುಸ್ತಕದಲ್ಲಿದೆ, ಬರೆದುಕೊಳ್ಳಿ’ ಎನ್ನುವುದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದನ್ನು ಶಿಕ್ಷಕರು ಯೋಚಿಸಬೇಕು.

ಇದು ವಿಜ್ಞಾನದ ಪಾಠವೇ?

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕಿ ದಾಖಲೆ ಪುಸ್ತಕದಲ್ಲಿ ಈ ಪ್ರಶ್ನೆಯನ್ನೇ ಬರೆದರು. ಪರೀಕ್ಷೆಯ ವರ್ಷ, ಘಟಕಗಳು ಮುಗಿಯಬೇಕು, ಎರಡು ಅವಧಿಗಳನ್ನು ಇದಕ್ಕೆ ಕೊಡಬಹುದೇ ಎಂಬ ಅವರ ಕಾಳಜಿ ನ್ಯಾಯವಾದದ್ದು. ನನ್ನ ಉತ್ತರ ಇದು. ಹಾರ್ಮೋನುಗಳ ವಿಷಯಾಂಶ ಪಾಠದೊಳಗೇ ಬಂದಿದೆ. ಒಂದನೇ ಮತ್ತು ಎರಡನೇ ಬಗೆಯ ವ್ಯತ್ಯಾಸವನ್ನು ಮಕ್ಕಳು ವಾಕ್ಯ ತಿದ್ದುವ ಅಗತ್ಯದಿಂದಲೇ ಕಲಿತರು. ಇನ್ನು ಹೇಳಿಕೆಯನ್ನೂ ಅದರ ಆಧಾರವನ್ನೂ ಎದುರುಬದುರಿಗೆ ಇಟ್ಟು ನೋಡುವುದು ವಿಜ್ಞಾನದ ಮೂಲ ಅಭ್ಯಾಸ. ಆ ಅಭ್ಯಾಸ ಪ್ರಯೋಗಾಲಯದ ಬೀಕರಿಗೆ ಮಾತ್ರ ಸೀಮಿತವಾಗಿ, ಕೈಯಲ್ಲಿರುವ ಮೊಬೈಲಿಗೆ ಬಾರದಿದ್ದರೆ ನಾವು ಕಲಿಸಿದ್ದು ಅರ್ಧ ಮಾತ್ರ. ಸಮಯದ ಅಭಾವವಿದ್ದಲ್ಲಿ ಎರಡು, ಆರು ಮತ್ತು ಎಂಟನೆಯ ಕಾರ್ಡುಗಳನ್ನಷ್ಟೇ ಇಟ್ಟುಕೊಂಡು ಒಂದೇ ಅವಧಿಯಲ್ಲಿ ಮುಗಿಸಬಹುದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಕಾರ್ಡಿನಲ್ಲಿ ನಿಜವಾದ ಅಂಗಡಿ, ಆಸ್ಪತ್ರೆಗಳ ಹೆಸರು ಹಾಕಬೇಡಿ, ಕಲ್ಪಿತವಾದದ್ದು ಸಾಕು. ಸರಿಯಾದ ಆಧಾರಗಳು ಮಾತ್ರ ನಿಜವಾದವಾಗಿರಲಿ, ಮಕ್ಕಳು ಮನೆಯಲ್ಲಿ ತೆರೆದು ನೋಡುತ್ತಾರೆ.

ಹಾನಿಯ ಉದಾಹರಣೆ ಮಕ್ಕಳ ಮನೆಯಿಂದಲೇ ಬರಬಹುದು. ಕೇಳಿಸಿಕೊಳ್ಳಿ, ಕೆದಕಬೇಡಿ. ಔಷಧದ ವಿಷಯ ಬಂದರೆ ವೈದ್ಯರನ್ನು ಕೇಳಬೇಕೆಂದು ಸ್ಪಷ್ಟವಾಗಿ ಹೇಳಿ.

ನಿಜವಾದ ವಿಕಿಪೀಡಿಯದಲ್ಲಿ ಕೆಲಸ ಮಾಡಿಸುವುದಾದರೆ ಮೊದಲು ನೀವೇ ಖಾತೆ ತೆರೆದು ‘ಪ್ರಯೋಗಪುಟ’ದಲ್ಲಿ ಅಭ್ಯಾಸ ಮಾ‌ಡಿ. ಮಕ್ಕಳು ತಮ್ಮ ಪೂರ್ಣ ಹೆಸರು, ಶಾಲೆ, ಫೋನ್ ಸಂಖ್ಯೆ ಎಲ್ಲೂ ಬರೆಯದಂತೆ ನೋಡಿಕೊಳ್ಳಿ.

ಎಲ್ಲ ಲಿಂಕನ್ನೂ ಅನುಮಾನದಿಂದ ತೆಗೆಯುವ ಉತ್ಸಾಹ ಎರಡನೆಯ ಅವಧಿಯಲ್ಲಿ ಬರುತ್ತದೆ. ಅದನ್ನು ನಾಲ್ಕನೆಯ ಪ್ರಶ್ನೆಯಿಂದ ಹಿಡಿದು ನಿಲ್ಲಿಸಿ: ತೆಗೆದರೆ ನಷ್ಟ ಯಾರಿಗೆ? ಓದುಗರಿಗೆ ಎಂಬ ಉತ್ತರ ಬಂದರೆ ಲಿಂಕ್ ಉಳಿಯಬೇಕು.

ಮನೆಗೆಲಸವಾಗಿ ಮಕ್ಕಳಿಗೆ ಕೊಟ್ಟದ್ದು ಇಷ್ಟೇ: ನಿಮ್ಮ ತಾಲ್ಲೂಕು ಅಥವಾ ಜಿಲ್ಲೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿರುವ ಪುಟ ತೆರೆಯಿರಿ, ಒಂದು ಉಲ್ಲೇಖವನ್ನು ಒತ್ತಿ ನೋಡಿ, ವಾಕ್ಯ ಹೇಳಿದ್ದು ಅಲ್ಲಿದೆಯೇ ಎಂದು ಎರಡು ಸಾಲು ಬರೆದು ತನ್ನಿ. ಯಾವ ಘಟಕಕ್ಕೂ, ಯಾವ ವಿಷಯಕ್ಕೂ ಹೊಂದಿಸಬಹುದಾದ ಕೆಲಸ ಇದು. ಸಮಾಜ ವಿಜ್ಞಾನ ಮತ್ತು ಕನ್ನಡ ವಿಷಯಗಳ ಪ್ರಶಿಕ್ಷಣಾರ್ಥಿಗಳು ತಮ್ಮ ತರಗತಿಗಳಲ್ಲಿ ಮಾಡಿ ನೋಡಿದರೆ, ವಿಷಯ ಬದಲಾದಾಗ ನಾಲ್ಕು ಪ್ರಶ್ನೆಗಳಿಗೆ ಐದನೆಯದೊಂದು ಸೇರಬೇಕೇ ಎಂಬುದೂ ತಿಳಿಯುತ್ತದೆ.